ಹಗ್ಗ ನೋಡುವವರು

ಜನವರಿ 8

ತಮ್ಮಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಎತ್ತಿದರೆ ನೀನು ‘ಹೂಂ ಅಕ್ಕ, ಆಯ್ತು ಅಕ್ಕ’ ಎಂದು ಜಾರಿಕೊಳ್ಳುತ್ತೀಯ, ಇತ್ತ ನಿನ್ನ ಮಗಳು ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತಿರುತ್ತಾಳೆ. ಕಾಗದವಾದರೆ ಓದಲೇಬೇಕು, ಉತ್ತರ ಬರೆಯಲೇಬೇಕು.

ಪಿಟೀಲು ಏನನ್ನೋ ಮುಚ್ಚಿಡುತ್ತಿದ್ದಾಳೆ. ಅವಳ ತಾಯಿ ಹೋದ ಮೇಲೆ ಮೂರು ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ ನೀನು ಆ ದೂರದ ಬಂದರಿಗೆ ಕ್ರೇನ್ ನಡೆಸಲು ಹೋದೆ. ಹೊತ್ತುಗೊತ್ತಿಲ್ಲದೆ ಕುಯ್ಯೋ ಎಂದು ಅಳುತ್ತಿದ್ದವಳಿಗೆ ಪಿಟೀಲು ಎಂದು ಹೆಸರಿಟ್ಟವಳೇ ನಾನು. ಅವಳು ಸೀನಿದರೆ ಯಾಕೆ ಸೀನಿದಳು ಎಂದು ಹೇಳಬಲ್ಲೆ. ಅಂಥವಳು ಈಗ ಶನಿವಾರ ಸಂಜೆ ನನ್ನ ಕಣ್ಣು ತಪ್ಪಿಸಿ ಸೀದಾ ಬಚ್ಚಲಿಗೆ ಹೋಗುತ್ತಾಳೆ. ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಾಳೆ. ಹತ್ತನೆಯ ತರಗತಿಯ ಹುಡುಗಿ ಯಾರೂ ಹೇಳದೆ ಬಟ್ಟೆ ಒಗೆಯುತ್ತಾಳೆ ಎಂದರೆ ಸುಮ್ಮನೆ ನಂಬುವುದಕ್ಕೆ ನಾನೇನು ನಿನ್ನೆ ಮೊನ್ನೆ ಹುಟ್ಟಿದವಳೇ?

ಎಲ್ಲಕ್ಕೂ ಮೂಲ ಶಾಲೆಗೆ ಬಂದಿರುವ ಹೊಸ ಮೇಡಂ. ಪಾಠ ಮಾಡುವುದಿಲ್ಲ, ಪರೀಕ್ಷೆ ಇಡುವುದಿಲ್ಲ. ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಎಂದು ಮಕ್ಕಳಿಗೆ ದಾರಿ ತೋರಿಸುವುದೇ ಅವಳ ಉದ್ಯೋಗವಂತೆ. ಮಕ್ಕಳೆಲ್ಲ ದಾರಿ ಮೇಡಂ ಎನ್ನುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಕುಲಾವಿ ಹೊಲಿಯುವುದು ನನ್ನ ಕಸುಬು, ಅದರ ಉಸಾಬರಿ ಅವಳಿಗೇಕೆ?

ಪ್ರತಿ ಶನಿವಾರ ಒಂದೊಂದು ಮಗುವನ್ನು ಒಂದೊಂದು ಕೆಲಸದ ಜಾಗಕ್ಕೆ ಕಳಿಸುತ್ತಾಳೆ. ಮಾರ್ಚ್ ಕೊನೆಯಲ್ಲಿ ಪೋಷಕರ ಸಭೆ. ಅಲ್ಲಿಯ ತನಕ ಯಾವ ಮಗುವೂ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಬಾಯಿ ಬಿಡಬಾರದಂತೆ. ಯಾಕೆ ಎಂದರೆ, ‘ಮನೆಯವರ ಮುಖ ನೋಡಿದ್ರೆ ನಮ್ಮ ಮನಸ್ಸು ಬದಲಾಗುತ್ತಂತೆ ಅತ್ತೆ’ ಎಂದಳು ನಿನ್ನ ಮಗಳು. ಒಪ್ಪಿಗೆಯ ಕಾಗದಕ್ಕೆ ನಾನೇ ಸಹಿ ಹಾಕಿದ್ದೇನೆ, ನಿಜ. ಪ್ರವಾಸ ಎಂದುಕೊಂಡಿದ್ದೆ. ಅವತ್ತು ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು, ಪ್ರಶ್ನೆ ಕೇಳುವ ಹಾಗಿರಲಿಲ್ಲ.

ಮಕ್ಕಳನ್ನು ಎಲ್ಲೋ ಬಿಟ್ಟಿ ಚಾಕರಿಗೆ ಹಚ್ಚಿದ್ದಾಳೆ ಎನ್ನುವುದು ನನ್ನ ಅನುಮಾನ. ಇನ್ನೊಂದು ವಿಚಿತ್ರ ಕೇಳು. ಅಂಗಡಿಯ ಮೂಲೆಯಲ್ಲಿ ಕತ್ತರಿಸಿ ಉಳಿದ ಬಟ್ಟೆಚೂರುಗಳ ಚೀಲವಿದೆಯಲ್ಲ, ಅದರಿಂದ ಚೂರುಗಳು ಕಾಣೆಯಾಗುತ್ತಿವೆ. ಹತ್ತಿಯವು ಮಾತ್ರ. ನೈಲಾನಿನದು ಒಂದೂ ಹೋಗಿಲ್ಲ. ಆರಿಸಿ ಆರಿಸಿ ಕದಿಯುವ ಕಳ್ಳರನ್ನು ನಾನು ಇದುವರೆಗೂ ನೋಡಿರಲಿಲ್ಲ.

ನೀನು ತಂದೆ. ಇದನ್ನು ನಿಲ್ಲಿಸಿ ಎಂದು ಶಾಲೆಗೆ ಒಂದು ಮಾತು ಬರೆ. ಕೊಕ್ಕೆಯಣ್ಣ ಹೇಗಿದ್ದಾನೆ? ನಿನ್ನ ಕ್ರೇನಿನ ಕೆಳಗೆ ನಿಂತು ಸಾಮಾನಿಗೆ ಕೊಕ್ಕೆ ಸಿಕ್ಕಿಸುವವನಿಗೆ ಇಲ್ಲಿಗೊಮ್ಮೆ ಬಂದು ನಮ್ಮನ್ನು ನಗಿಸಿ ಹೋಗಲು ಪುರುಸೊತ್ತಿಲ್ಲವಂತೇನು?

ಅಕ್ಕ


ಜನವರಿ 15

ಅಕ್ಕಾ,

ನಿನಗೆ ಸೂಜಿಯ ಕಣ್ಣಿನಲ್ಲೂ ಕಳ್ಳ ಕಾಣಿಸುತ್ತಾನೆ. ನಾನು ಶಾಲೆಗೆ ಹೋಗುತ್ತಿದ್ದಾಗ ನನ್ನ ಜೇಬು ತಡಕುತ್ತಿದ್ದೆ, ಈಗ ನನ್ನ ಮಗಳ ಸರದಿ. ಆ ಮೇಡಂ ಮಾಡುತ್ತಿರುವುದರಲ್ಲಿ ತಪ್ಪೇನಿದೆ? ನಮಗೆ ಯಾರಾದರೂ ನಾಲ್ಕು ಕೆಲಸ ತೋರಿಸಿದ್ದರೆ ನಾವೂ ನಾಲ್ಕನ್ನು ನೋಡಿ ಒಂದನ್ನು ಹಿಡಿಯುತ್ತಿದ್ದೆವು. ನೀನು ಅಮ್ಮನ ಮಿಷನ್ ಮುಂದೆ ಕೂತೆ, ನಾನು ಮೊದಲು ಕರೆದವರ ಹಿಂದೆ ಹೋದೆ.

ಪಿಟೀಲು ಯಾವುದಾದರೂ ಆಫೀಸಿನಲ್ಲೇ ಇರುತ್ತಾಳೆ, ಬೇಕಾದರೆ ಪಂದ್ಯ ಕಟ್ಟು. ಅವಳಿಗೆ ಅದನ್ನು ಚಿಕ್ಕಂದಿನಿಂದ ಹೇಳಿಕೊಟ್ಟಿದ್ದೇನೆ. ಮೇಲೆ ಫ್ಯಾನು, ಕೆಳಗೆ ಕುರ್ಚಿ, ಮುಂದೆ ಮೇಜು. ಲೆಕ್ಕ ಬರೆಯುವ ಕೆಲಸ. ಬಿಸಿಲಿಲ್ಲ, ಏಣಿಯಿಲ್ಲ. ಬಟ್ಟೆ ತಾನೇ ಒಗೆದುಕೊಂಡರೆ ನಿನಗೆ ಕೆಲಸ ಕಡಿಮೆಯಾಯಿತು ಎಂದು ಖುಷಿಪಡು.

ಇಲ್ಲಿ ಎಲ್ಲ ಯಾವತ್ತಿನಂತೆ. ಕೆಲಸ ನಡೆದಿದೆ. ಕೊಕ್ಕೆಯಣ್ಣ ಆರಾಮ. ನಿಮ್ಮ ಕಡೆಗೆ ಬರುವ ಲಾರಿಯವನ ಕೈಯಲ್ಲಿ ಎರಡು ಪ್ಯಾಂಟು, ಮೂರು ಅಂಗಿ ಕಳಿಸಿದ್ದೇನೆ. ಕಾಲರ್ ತಿರುಗಿಸಿ ಹೊಲಿದುಕೊಡು. ಇಲ್ಲಿನ ದರ್ಜಿಗೆ ಕೊಟ್ಟರೆ ಅಂಗಿ ಕೊಟ್ಟು ಚೀಲ ತಂದ ಹಾಗಾಗುತ್ತದೆ.

ತಮ್ಮ


ಜನವರಿ 24

ತಮ್ಮಾ,

ಬಟ್ಟೆ ಬಂತು. ಅದರ ಮಾತು ಆಮೇಲೆ.

ಪಂದ್ಯದಲ್ಲಿ ನೀನು ಸೋತೆ. ಹೋದ ಶನಿವಾರ ಪಿಟೀಲು ಬಚ್ಚಲಿಗೆ ಓಡುವ ಮುಂಚೆ ನಾನೇ ಬಾಗಿಲಲ್ಲಿ ನಿಂತು ತೋಳು ಹಿಡಿದೆ. ಬಲಗೈ ತೋಳಿನ ಅಂಚಿನಲ್ಲಿ ಕರಿ ಕಲೆ. ಮೊಣಕಾಲಿನ ಮೇಲೆ ಧೂಳು ಮೆತ್ತಿದ ದುಂಡನೆಯ ಗುರುತು. ಮೂಸಿ ನೋಡಿದೆ.

ಆ ಕಲೆ ಯಾವುದು ಎಂದು ನಾನು ನಿನಗೆ ಹೇಳಬೇಕೇ? ಕಬ್ಬಿಣದ ಹಗ್ಗಕ್ಕೆ ಹಚ್ಚುವ ಗ್ರೀಸು. ನೀನು ರಜೆಗೆ ಬಂದಾಗಲೆಲ್ಲ ನಿನ್ನ ಬಟ್ಟೆಯಿಂದ ಅದನ್ನು ತೆಗೆಯಲು ಸೀಮೆಎಣ್ಣೆ, ಸೋಡಾ, ನನ್ನ ಉಗುರು ಎಲ್ಲ ಸವೆಸಿದ್ದೇನೆ. ಸೈಕಲ್ಲಿನ ಎಣ್ಣೆಯ ಕಲೆ ಬೇರೆ, ಗಾಡಿಯದು ಬೇರೆ, ಇದು ಬೇರೆ. ಹೋಗುವುದಿಲ್ಲ, ತಿಳಿಯಾಗುತ್ತದೆ ಅಷ್ಟೇ.

ಎಲ್ಲಿಗೆ ಹೋಗ್ತಿದ್ದೀಯೇ ಎಂದು ಕೇಳಿದೆ. ‘ಮಾರ್ಚಿಗೆ ಹೇಳ್ತೀನಿ’ ಎಂದಳು. ‘ನಿಮ್ಮಪ್ಪನಿಗೆ ಗೊತ್ತೇನೇ?’ ಎಂದೆ. ಅದಕ್ಕೆ ಸುಮ್ಮನಾದಳು.

ಆ ಮೌನ ನನಗೆ ಸಾಕು. ಈ ಊರಿನಲ್ಲಿ ಬಂದರಿಲ್ಲ, ಹಡಗಿಲ್ಲ. ಕಬ್ಬಿಣದ ಹಗ್ಗದ ಹತ್ತಿರ ಈ ಹುಡುಗಿಯನ್ನು ಕಳಿಸುವ ಬುದ್ಧಿ ಯಾರಿಗೆ ಬಂದೀತು? ನನ್ನ ಮುಂದೆ ಫ್ಯಾನು, ಕುರ್ಚಿ ಎಂದು ಮೂಗಿಗೆ ತುಪ್ಪ ಸವರುವುದು, ಹಿಂದಿನಿಂದ ಮಗಳಿಗೆ ನಿನ್ನ ಕಸುಬನ್ನೇ ಹೇಳಿಕೊಡುವುದು. ಮೇಡಮ್ಮಿಗೂ ನಿನಗೂ ಯಾವಾಗಿನಿಂದ ಪತ್ರವ್ಯವಹಾರ? ಶಾಲೆಗೆ ಬರೆ ಎಂದರೆ ‘ತಪ್ಪೇನಿದೆ’ ಎಂದು ನೀನು ಅವಳ ಪರ ವಹಿಸಿದಾಗಲೇ ನನಗೆ ಹೊಳೆಯಬೇಕಿತ್ತು. ಬೇಡ ಎಂದರೆ ಬೇಡ ಎನ್ನುತ್ತಿದ್ದೆ, ಬೇಕು ಎಂದರೆ ಜಗಳವಾಡಿ ಒಪ್ಪುತ್ತಿದ್ದೆ. ಮೋಸ ಯಾಕೆ ಮಾಡಿದೆ?

ಅಕ್ಕ


ಜನವರಿ 31

ಅಕ್ಕಾ,

ಅವಳನ್ನು ತಕ್ಷಣ ನಿಲ್ಲಿಸು. ಈ ಶನಿವಾರದಿಂದಲೇ. ಕಾಲಿಗೆ ಬಿದ್ದರೂ ಕಳಿಸಬೇಡ.

ನಾನು ಯಾವ ಮೇಡಮ್ಮಿಗೂ ಬರೆದಿಲ್ಲ. ಅವಳ ಮುಖ ಹೇಗಿದೆ ಎಂದೂ ಗೊತ್ತಿಲ್ಲ. ಪಿಟೀಲಿಗೆ ಕ್ರೇನಿನ ಬಗ್ಗೆ ಒಂದು ಮಾತೂ ಹೇಳಿಕೊಟ್ಟವನಲ್ಲ. ಕೇಳಿದಾಗಲೆಲ್ಲ ಬೈದು ಓದಲು ಕೂರಿಸಿದ್ದೇನೆ. ನನ್ನ ಮೇಲೆ ಅನುಮಾನ ಪಡುವ ಬದಲು ನಿನ್ನ ಮನೆಯಲ್ಲಿರುವ ಹುಡುಗಿ ನಿನ್ನ ಕಣ್ಣೆದುರಿಗೇ ಹಗ್ಗದ ಬುಡಕ್ಕೆ ಹೋಗುತ್ತಿದ್ದಾಳಲ್ಲ, ಅದಕ್ಕೆ ನೀನು ಏನು ಹೇಳುತ್ತೀಯ?

ಈಗ ನಾನೂ ಕೇಳುತ್ತೇನೆ. ನಿಜಕ್ಕೂ ನಿನಗೆ ಏನೂ ಗೊತ್ತಿಲ್ಲವೇ? ಸಹಿ ಹಾಕಿದ್ದು ನೀನು. ಗುಂಡುಸೂಜಿಯ ಕಥೆ ಹೇಳಿದ್ದೂ ನೀನು. ಸಾಕಿ ಸಾಕಿ ಸಾಕಾಗಿದ್ದರೆ ಹಾಗೆಂದು ಹೇಳಬಹುದಿತ್ತು. ಬೇಗ ಒಂದು ಕೆಲಸಕ್ಕೆ ಹಚ್ಚಿ ಕೈತೊಳೆದುಕೊಳ್ಳುವ ಯೋಚನೆ ಇದ್ದರೆ ನೇರವಾಗಿ ಬರೆ. ಹಗ್ಗ ಎಂದರೆ ಏನು ಎಂದು ನಿನಗೆ ಗೊತ್ತಿಲ್ಲ. ಕಲೆ ಮಾತ್ರ ಗೊತ್ತು.

ತಮ್ಮ


ಫೆಬ್ರವರಿ 11

ತಮ್ಮಾ,

ಹೋಗಿ ನೋಡಿದೆ. ಅದು ಆಸ್ಪತ್ರೆಯ ಲಿಫ್ಟು. ಪಿಟೀಲು ಚೆನ್ನಾಗಿದ್ದಾಳೆ. ಮೇಡಂ ಅವರ ಜೊತೆಗೂ ಮಾತಾಡಿದೆ.

ಇದರ ಜೊತೆ ಒಂದು ಅರ್ಜಿ ಇದೆ. ಲಿಫ್ಟ್ ಮೆಕ್ಯಾನಿಕ್ ತರಬೇತಿ, ಎರಡು ವರ್ಷ. ಪರೀಕ್ಷೆ ಮುಗಿದ ಮೇಲೆ ಸೇರಬೇಕು. ತಂದೆಯ ಸಹಿಯೇ ಬೇಕಂತೆ, ನನ್ನದು ನಡೆಯುವುದಿಲ್ಲ. ಮುಂದಿನ ತಿಂಗಳ ಕೊನೆಯೊಳಗೆ ತಲುಪಬೇಕು. ಸಹಿ ಹಾಕಿ ಕಳಿಸು.

ಸಾಕಿ ಸಾಕಾಯಿತೇ ಎಂದು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ.

ಅಕ್ಕ


ಫೆಬ್ರವರಿ 18

ಅಕ್ಕಾ,

ಆ ಮಾತನ್ನು ನಾನು ಬರೆಯಬಾರದಿತ್ತು. ಬರೆದ ಮೇಲೆ ಅಂಚೆಪೆಟ್ಟಿಗೆಯ ಬಾಯಲ್ಲಿ ಕೈ ಹಾಕಿ ತೆಗೆಯಲು ನೋಡಿದೆ, ಕೈ ಹೋಗಲಿಲ್ಲ. ಬೇಕಾದಷ್ಟು ಬೈ. ಆದರೆ ಬೈಯದೆ ಇರಬೇಡ.

ಸಹಿ ಹಾಕುವುದಿಲ್ಲ. ಅರ್ಜಿ ವಾಪಸ್ ಕಳಿಸಿದ್ದೇನೆ.

ನನಗೆ ಅರ್ಥವಾಗದ್ದು ನೀನು. ಹರಿದ ಗುಂಡಿಯ ಬಗ್ಗೆ ಎರಡು ಪುಟ ಬರೆಯುವವಳು ನೀನು. ಈಗ ನಾಲ್ಕು ಸಾಲು ಬರೆದು ಸಹಿ ಹಾಕು ಎನ್ನುತ್ತೀಯ. ಮೊನ್ನೆಯ ತನಕ ‘ಅವಳು’ ಆಗಿದ್ದ ಮೇಡಂ ಒಂದೇ ದಿನದಲ್ಲಿ ‘ಅವರು’ ಆಗಿದ್ದಾರೆ. ಏನು ಮದ್ದು ಹಾಕಿದರು ನಿನಗೆ? ಕೂರಿಸಿ ಸಿಹಿ ಮಾತಾಡಿದರೇ? ಅಥವಾ ಪಿಟೀಲಿಗೆ ಏನಾದರೂ ಆಗಿದೆಯೇ, ನನ್ನಿಂದ ಮುಚ್ಚಿಡುತ್ತಿದ್ದೀಯಾ? ‘ಚೆನ್ನಾಗಿದ್ದಾಳೆ’ ಎಂದು ಒಂದೇ ಪದದಲ್ಲಿ ಬರೆದದ್ದನ್ನು ನಾನು ನಂಬುವುದಿಲ್ಲ. ಆ ಪದದ ಹಿಂದೆ ಏನೇನು ಅಡಗಿಸಬಹುದು ಎಂದು ನನಗೆ ಗೊತ್ತು.

ನೋಡಿದ್ದನ್ನು ಇದ್ದದ್ದು ಇದ್ದಂತೆ ಬರೆ.

ತಮ್ಮ


ಫೆಬ್ರವರಿ 25

ತಮ್ಮಾ,

ಇದ್ದದ್ದು ಇದ್ದಂತೆ ಕೇಳು ಹಾಗಾದರೆ.

ಅವಳನ್ನು ನಿಲ್ಲಿಸು ಎಂಬ ನಿನ್ನ ಕಾಗದ ಬಂದ ಶನಿವಾರ ಕತ್ತರಿಯನ್ನೂ ಕೆಳಗಿಡದೆ ಶಾಲೆಗೆ ಹೋದೆ. ಕಾವಲಿನವನು ನನ್ನ ಕೈ ನೋಡಿ ದಾರಿ ಬಿಟ್ಟ. ಮೇಡಂ ಒಂದು ಪುಟ್ಟ ಕೋಣೆಯಲ್ಲಿ ಕೂತಿದ್ದರು. ಗೋಡೆಯ ತುಂಬ ಮಕ್ಕಳು ಬರೆದು ಅಂಟಿಸಿದ ಚೀಟಿಗಳು. ನಾನು ಬಾಯಿಗೆ ಬಂದಂತೆ ಅಂದೆ. ಮಕ್ಕಳ ಬಾಯಿಗೆ ಬೀಗ ಹಾಕಿ ಎಲ್ಲಿಗೆ ಮಾರುತ್ತಿದ್ದೀರಿ ಎಂದೂ ಕೇಳಿಬಿಟ್ಟೆ.

‘ಮಕ್ಕಳು ಹೇಳಬಾರದು ಅಂದೆ. ನಾನು ಹೇಳಲ್ಲ ಅಂತ ಯಾವಾಗ ಅಂದೆ?’ ಎಂದರು. ‘ನೀವು ಒಂದು ಸಲ ಬಂದು ಕೇಳಿದ್ರೆ ಮೊದಲ ದಿನವೇ ಹೇಳ್ತಿದ್ದೆ. ಇದುವರೆಗೂ ಬಂದು ಕೇಳಿದವರು ನೀವೊಬ್ಬರೇ.’

ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಆಮೇಲೆ ಅವರೇ ಹೇಳಿದರು. ‘ಮೊದಲ ದಿನ ಏನಾಗ್ತೀರಿ ಅಂತ ಎಲ್ಲರನ್ನೂ ಕೇಳ್ದೆ. ನಿಮ್ಮ ಹುಡುಗಿ, ಫ್ಯಾನಿನ ಕೆಳಗೆ ಕೂರ್ತೀನಿ ಅಂದ್ಳು. ಕೂತು ಏನು ಮಾಡ್ತೀಯಮ್ಮ ಅಂದ್ರೆ, ಗೊತ್ತಿಲ್ಲ, ಅಪ್ಪ ಅಷ್ಟೇ ಹೇಳಿದ್ದು ಅಂದ್ಳು.’

ನಗಬೇಡ. ಅವಳನ್ನು ಮೊದಲು ಕಳಿಸಿದ್ದು ನೀನು ಹೇಳಿದ ಹಾಗೆ ಲೆಕ್ಕದ ಆಫೀಸಿಗೇ, ನಾಲ್ಕನೆಯ ಮಹಡಿಗೆ. ಅವತ್ತು ಅಲ್ಲಿನ ಲಿಫ್ಟು ಕೆಟ್ಟಿತ್ತು, ರಿಪೇರಿಗೆ ಬಂದವರ ಪಕ್ಕದಲ್ಲಿ ಇವಳು ಸಂಜೆಯ ತನಕ ನಿಂತಳಂತೆ. ಲೆಕ್ಕದವರು ಇವಳ ಮುಖವನ್ನೇ ನೋಡಲಿಲ್ಲ. ಮುಂದಿನ ಶನಿವಾರದಿಂದ ಮೇಡಂ ಇವಳನ್ನು ಆ ರಿಪೇರಿಯವರ ಜೊತೆಗೇ ಕಳಿಸಿದರಂತೆ.

ಮೇಡಂ ಕೊಟ್ಟ ವಿಳಾಸ ಹಿಡಿದು ಆಸ್ಪತ್ರೆಗೆ ಹೋದೆ. ಮೂರನೆಯ ಮಹಡಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ತಿರುಗಿದರೆ ಲಿಫ್ಟಿನ ಬಾಗಿಲು ಹಾರು ಹೊಡೆದಿದೆ. ಒಳಗೆ ಲಿಫ್ಟಿಲ್ಲ, ಕತ್ತಲ ಗುಂಡಿ. ಅದರ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ ಕೂತವಳು ನಮ್ಮ ಪಿಟೀಲು.

ನಾನು ಕಿರುಚಿದೆ ತಮ್ಮಾ. ಆಸ್ಪತ್ರೆ ಎನ್ನುವುದನ್ನೂ ಮರೆತು ಕಿರುಚಿದೆ. ಬೇರೆ ಯಾವ ಮಗುವಾದರೂ ಬೆಚ್ಚಿ ಬೀಳುತ್ತಿತ್ತು. ಇವಳು ತಿರುಗಲಿಲ್ಲ. ಕೈಯಲ್ಲಿದ್ದ ಟಾರ್ಚಿನ ಬೆಳಕು ಒಂದು ಚೂರೂ ಅಲುಗಲಿಲ್ಲ. ‘ಅತ್ತೆ, ಆ ಹಳದಿ ಗೆರೆಯ ಹಿಂದೆ ನಿಂತ್ಕೋ. ಆಮೇಲೆ ಬೈಯುವೆಯಂತೆ’ ಎಂದಳು. ನಾನು ನಿಂತೆ. ನನ್ನ ಜೀವಮಾನದಲ್ಲಿ ಆ ಹುಡುಗಿ ಹೇಳಿದ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಅದೇ ಮೊದಲು.

ಆಗ ಕಂಡಿತು. ಇವಳ ಸೊಂಟಕ್ಕೆ ಪಟ್ಟಿ ಕಟ್ಟಿ ಗೋಡೆಯ ಕಬ್ಬಿಣದ ಬಳೆಗೆ ಸಿಕ್ಕಿಸಿದ್ದರು. ಟಾರ್ಚಿನ ಬೆಳಕು ಬಿದ್ದದ್ದು ಗುಂಡಿಯೊಳಗೆ ಲಿಫ್ಟಿನ ನೆತ್ತಿಯ ಮೇಲೆ ನಿಂತಿದ್ದ ಮೆಕ್ಯಾನಿಕ್ಕಿನ ಕೈಯ ಮೇಲೆ. ಹಿಂದಿನಿಂದ ಗಂಡಸು ಎಂದುಕೊಂಡೆ. ತಿರುಗಿದಾಗ ನನ್ನ ವಯಸ್ಸಿನ ಹೆಂಗಸು. ಗಂಡಸರ ಅಳತೆಯ ಅಂಗಿ, ಭುಜದ ಹೊಲಿಗೆ ಮೊಣಕೈಗೆ ಬಂದಿತ್ತು. ಆಕೆ ಪಕ್ಕದಲ್ಲಿ ಮೇಲೇರುತ್ತಿದ್ದ ಕಬ್ಬಿಣದ ಹಗ್ಗದ ಸುತ್ತ ಒಂದು ಬಟ್ಟೆಚೂರು ಹಿಡಿದಿದ್ದಳು. ಲಿಫ್ಟು ಬಸವನಹುಳದ ಹಾಗೆ ಇಳಿಯುತ್ತಿತ್ತು, ಹಗ್ಗ ಬಟ್ಟೆಯೊಳಗಿಂದ ಹಾದು ಹೋಗುತ್ತಿತ್ತು. ಹಗ್ಗದ ಎಳೆ ಎಲ್ಲಾದರೂ ಕಿತ್ತಿದ್ದರೆ ಅಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದಂತೆ. ಹತ್ತಿಯದೇ ಆಗಬೇಕು, ನೈಲಾನು ಜಾರುತ್ತದೆ. ನನ್ನ ಚೀಲದ ಕಳ್ಳಿ ಸಿಕ್ಕಿಬಿದ್ದಳು.

ನನ್ನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ ಮೇಲೆ ಆ ಮೆಕ್ಯಾನಿಕ್ ಒಂದು ಮಾತು ಹೇಳಿದಳು. ‘ಹಗ್ಗ ಹೇಳದೆ ಕೇಳದೆ ಹರಿಯಲ್ಲ ತಾಯಿ. ತಿಂಗಳುಗಟ್ಟಲೆ ಮುಂಚೆಯೇ ಒಂದೊಂದೇ ಎಳೆ ಬಿಟ್ಟು ಹೇಳ್ತಾ ಇರುತ್ತೆ. ನೋಡೋರು ಬೇಕು ಅಷ್ಟೇ. ನಿಮ್ಮ ಹುಡುಗಿಗೆ ನೋಡೋ ಕಣ್ಣಿದೆ.’ ಪಿಟೀಲಿನ ಮುಖ ನೋಡಬೇಕಿತ್ತು ನೀನು.

ಕಿರುಚಿದ್ದನ್ನು ನಿನಗೆ ಬರೆಯಲು ನಾಚಿಕೆಯಾಗಿತ್ತು. ಅದಕ್ಕೇ ನಾಲ್ಕು ಸಾಲು.

ಇನ್ನು ನಿನ್ನ ಸರದಿ. ಬಟ್ಟೆಯ ಮಾತು ಆಮೇಲೆ ಎಂದಿದ್ದೆನಲ್ಲ. ನೀನು ಕಳಿಸಿದ ಪ್ಯಾಂಟುಗಳ ಹಿಂಭಾಗ ಸವೆದು ಕನ್ನಡಿಯಾಗಿದೆ. ಅಂಗಿಯ ಮೊಣಕೈ ತೆಳ್ಳಗಾಗಿದೆ. ಮೊಣಕಾಲು ಹೊಸದರ ಹಾಗಿದೆ. ಗ್ರೀಸಿನ ಕಲೆ ಹುಡುಕಿದರೂ ಇಲ್ಲ. ಏಣಿ ಹತ್ತಿ ಇಳಿಯುವವನ ಬಟ್ಟೆ ಎಲ್ಲಿ ಸವೆಯುತ್ತದೆ ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಕ್ರೇನಿನಲ್ಲೂ ಕೂರುತ್ತೀಯ, ನಿಜ, ಆದರೆ ಇದು ಏಣಿ ಹತ್ತದೆ, ಹಗ್ಗ ಮುಟ್ಟದೆ ದಿನವಿಡೀ ಕುರ್ಚಿಯಲ್ಲಿ ಕೂತವನ ಬಟ್ಟೆ. ಕೆಲಸದಿಂದ ತೆಗೆದರೇ? ಎಷ್ಟು ದಿನವಾಯಿತು? ಮತ್ತೆ ಕೊಕ್ಕೆಯಣ್ಣ ಆರಾಮ ಎಂದು ಎರಡೇ ಮಾತು. ಅವನು ಆರಾಮವಾಗಿದ್ದರೆ ನನ್ನನ್ನು ಅಣಕಿಸುವ ಒಂದು ಮಾತನ್ನಾದರೂ ನಿನ್ನ ಕೈಯಲ್ಲಿ ಬರೆಸದೆ ಬಿಡುತ್ತಿದ್ದನೇ? ನಿಮ್ಮಿಬ್ಬರಿಗೂ ಜಗಳವೇ?

ಅರ್ಜಿಯನ್ನು ಮತ್ತೆ ಇಟ್ಟಿದ್ದೇನೆ. ಪಿಟೀಲು ದಿನಾ ಅಂಚೆಯವನನ್ನು ಕಾಯುತ್ತಾಳೆ.

ಅಕ್ಕ


ಮಾರ್ಚ್ 16

ಅಕ್ಕಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಆ ಮೆಕ್ಯಾನಿಕ್ಕಿನ ಮಾತಿನ ತನಕ ಓದಿ ಮಡಿಚಿಟ್ಟವನು ಮತ್ತೆ ತೆಗೆಯಲು ಇಷ್ಟು ದಿನ ಹಿಡಿಯಿತು. ಇದನ್ನು ಪಿಟೀಲಿಗೆ ಓದಿ ಹೇಳಬೇಡ.

ಕೊಕ್ಕೆಯಣ್ಣ ಹೋದ. ಹೋದ ವರ್ಷ ಅಕ್ಟೋಬರಿನಲ್ಲಿ.

ಪೈಪುಗಳ ಕಟ್ಟು ಎತ್ತುತ್ತಿದ್ದೆ. ಅವನು ಕೆಳಗೆ ಕೊಕ್ಕೆ ಸಿಕ್ಕಿಸಿ, ಎಂದಿನಂತೆ ಕೈಯೆತ್ತಿ ನನಗೆ ‘ಎಳಿ’ ಎಂದ. ಎಳೆದೆ. ಅವನು ಅಲ್ಲಿಂದ ಸರಿಯುತ್ತಿದ್ದ, ಇನ್ನೆರಡು ಹೆಜ್ಜೆ ಹೋಗಿದ್ದರೆ ಆಗುತ್ತಿತ್ತು. ಹಗ್ಗ ಹರಿಯಿತು. ಮೇಲೆ ಕ್ಯಾಬಿನ್ನಿನಲ್ಲಿ ಕೂತವನಿಗೆ ಸದ್ದು ತಡವಾಗಿ ಕೇಳುತ್ತದೆ. ನಾನು ಮೊದಲು ನೋಡಿದೆ, ಆಮೇಲೆ ಕೇಳಿದೆ. ಯಾರದೂ ತಪ್ಪಿಲ್ಲ ಎಂದರು. ವಿಚಾರಣೆ ಮಾಡಿದ ಸಾಹೇಬರು ಹಗ್ಗ ಹೇಳದೆ ಕೇಳದೆ ಹರಿಯಿತು ಎಂದರು. ಅದನ್ನೇ ನಾನು ಹಿಡಿದುಕೊಂಡು ಬದುಕಿದ್ದೆ. ಈಗ ನಿನ್ನ ಲಿಫ್ಟಿನ ಹೆಂಗಸು ಹಾಗಲ್ಲ ಎನ್ನುತ್ತಾಳೆ.

ಅದಾದ ಮೇಲೆ ನನಗೆ ಏಣಿ ಹತ್ತಲು ಆಗಲಿಲ್ಲ. ನಾಲ್ಕನೆಯ ಮೆಟ್ಟಿಲಿಗೆ ಕಾಲು ನಡುಗುತ್ತದೆ. ಪಾಪ ಎಂದು ಉಗ್ರಾಣಕ್ಕೆ ಹಾಕಿದ್ದಾರೆ. ನಟ್ಟು, ಬೋಲ್ಟು ಎತ್ತಿ ಕೊಡುವುದು. ಮೇಲೆ ಫ್ಯಾನು, ಕೆಳಗೆ ಕುರ್ಚಿ. ಹೊತ್ತು ಹೋಗುವುದಿಲ್ಲ, ತಲೆ ಚಿಟ್ಟು ಹಿಡಿಯುತ್ತದೆ, ಒಂದು ದಿನಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಆದರೆ ಅಕ್ಕಾ, ಸಂಜೆ ನಡೆದುಕೊಂಡು ಮನೆಗೆ ಹೋಗುತ್ತೇನೆ. ನನ್ನ ಮಗಳಿಗೂ ನಾನು ಅಷ್ಟೇ ಬೇಡುವುದು.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಅವತ್ತು ಅವನು ಹಾಕಿಕೊಂಡಿದ್ದದ್ದು ನೀನು ಹೊಲಿದುಕೊಟ್ಟ ನೀಲಿ ಅಂಗಿ. ಅದನ್ನು ಹೇಗೆ ಬರೆಯಲಿ?

ನನ್ನನ್ನು ಹೇಡಿ ಎನ್ನು, ಅವಳು ನನ್ನ ಜೊತೆ ಮಾತು ಬಿಡಲಿ. ಸಹಿ ಹಾಕಲು ಕೈ ಬರುವುದಿಲ್ಲ.

ತಮ್ಮ


ಮಾರ್ಚ್ 21

ತಮ್ಮಾ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಹಾಕಿಬಿಟ್ಟೆ. ಆ ಅಂಗಿ ಕೊಟ್ಟ ದಿನ ಅವನು, ‘ಅಕ್ಕಾ, ಇದನ್ನ ಹಾಕ್ಕೊಂಡ್ರೆ ಕೆಲಸ ಮಾಡೋಕೆ ಮನಸ್ಸು ಬರಲ್ಲ, ಮೆರವಣಿಗೆ ಹೋಗಬೇಕು ಅನ್ಸತ್ತೆ’ ಎಂದಿದ್ದ. ಎಷ್ಟು ತಿಂಗಳು ಒಬ್ಬನೇ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೀಯ. ನಾನು ನಿನ್ನನ್ನು ಮೋಸಗಾರ ಎಂದೆ, ನೀನು ನನಗೆ ಸಾಕಾಯಿತೇ ಎಂದೆ. ಅದು ಇದಕ್ಕೆ ವಜಾ ಆಯಿತು, ಬಿಡು.

ನೀನು ಬೇಡ ಎಂದದ್ದನ್ನು ಮಾಡಿದ್ದೇನೆ. ಪಿಟೀಲಿಗೆ ಪೂರ್ತಿ ಓದಿದೆ. ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಹಗ್ಗ ಹರಿದ ಜಾಗವನ್ನು ತಾನೇ ಇನ್ನೊಮ್ಮೆ ಓದಿದಳು. ‘ಅತ್ತೆ, ಆ ಹಗ್ಗಾನ ಕೊನೇ ಸಲ ನೋಡಿದ್ದು ಯಾರು?’ ಎಂದಳು.

ನನಗೆ ಸಿಟ್ಟು ಬಂತು. ‘ಸತ್ತವನ ವಿಷಯದಲ್ಲಿ ಕೇಳೋ ಮಾತೇನೇ ಇದು?’ ಎಂದೆ.

‘ಸತ್ತಿದ್ದಕ್ಕೇ ಕೇಳ್ತಿರೋದು’ ಎಂದಳು. ಆಮೇಲೆ ಒಳಗೆ ಹೋಗಿ ಅತ್ತಳು, ನನಗೆ ಕೇಳಿಸಿತು.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಅವಳು ಹಟಮಾರಿ, ದಿನಾ ಕೇಳುತ್ತಾಳೆ. ನನಗಲ್ಲ, ಅವಳಿಗೇ ಬರೆ. ಸಹಿ ಹಾಕು ಎಂದು ಇನ್ನು ನಾನು ಹೇಳುವುದಿಲ್ಲ. ಬೇಡ ಎನ್ನುವುದಾದರೂ ಅವಳಿಗೇ ಹೇಳು. ಲಾರಿಯವನ ಕೈಯಲ್ಲಿ ಕೊಟ್ಟರೆ ಬೇಗ ಬರುತ್ತದೆ.

ಅಕ್ಕ


ಮಾರ್ಚ್ 27

ಮಗಳೇ ಪಿಟೀಲು,

ನಿನ್ನ ಹೆಸರಿಗೆ ಅಪ್ಪ ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ವರ್ಷ ‘ಪಿಟೀಲಿಗೆ ಚೆನ್ನಾಗಿ ಓದಲು ಹೇಳು’ ಎಂದು ನಿನ್ನ ಅತ್ತೆಯ ಕಾಗದದ ಕೊನೆಯಲ್ಲಿ ಬರೆದು ಮುಗಿಸುತ್ತಿದ್ದೆ.

ನೀನು ಕೇಳಿದ್ದನ್ನು ಇಲ್ಲಿ ಎಲ್ಲರನ್ನೂ ಕೇಳಿದೆ. ಮೇಸ್ತ್ರಿ, ಆಫೀಸಿನವರನ್ನು ಕೇಳು ಎಂದ. ಆಫೀಸಿನವರು, ಮುಗಿದ ವಿಷಯ ಯಾಕಪ್ಪ ಕೆದಕುತ್ತೀಯ ಎಂದರು. ಇನ್ನೊಬ್ಬ ಚಹಾ ಕುಡಿಸಿ ಬೇರೆ ಮಾತು ತೆಗೆದ. ನಿನ್ನ ಅತ್ತೆಯ ಅನುಮಾನದ ರೋಗ ನನಗೂ ಅಂಟಿಕೊಂಡಿತು. ಜೊತೆಯಲ್ಲಿ ಊಟ ಮಾಡುವವರ ಮುಖವನ್ನೂ ಓರೆಗಣ್ಣಿನಿಂದ ನೋಡುವಂತಾಯಿತು. ಯಾರಿಗೆ ಗೊತ್ತು, ಯಾರು ಮುಚ್ಚಿಡುತ್ತಿದ್ದಾರೆ ಎಂದು. ಇಷ್ಟು ತಿಂಗಳಲ್ಲಿ ನನಗೇ ಈ ಪ್ರಶ್ನೆ ಯಾಕೆ ಬರಲಿಲ್ಲ ಎಂದೂ ಯೋಚಿಸಿದೆ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆ ಇತ್ತು ಎಂದು ಕಾಣುತ್ತದೆ.

ನಿನ್ನೆ ರಜೆ ಹಾಕಿ, ಬಂದರಿನ ಹಿಂದಿನ ಓಣಿಯಲ್ಲಿರುವ ಒಬ್ಬ ಮುದುಕನ ಮನೆಗೆ ಹೋಗಿದ್ದೆ. ಅವನು ಇಲ್ಲಿ ಮೂವತ್ತು ವರ್ಷ ಹಗ್ಗ ನೋಡುವ ಕೆಲಸ ಮಾಡಿದವನು. ಆ ಕೆಲಸಕ್ಕೇ ಇದ್ದವನು. ನಾನು ಇಲ್ಲಿಗೆ ಸೇರಿದಾಗ ಅವನು ಪ್ರತಿ ಸೋಮವಾರ ಕ್ರೇನುಗಳ ಕೆಳಗೆ ಬಟ್ಟೆ ಹಿಡಿದು ಓಡಾಡುತ್ತಿದ್ದ. ನಾವೆಲ್ಲ ಅವನನ್ನು ಗೇಲಿ ಮಾಡುತ್ತಿದ್ದೆವು, ಕೊಕ್ಕೆಯಣ್ಣ ಎಲ್ಲರಿಗಿಂತ ಹೆಚ್ಚು. ಯಾವಾಗಿನಿಂದ ಅವನು ಕಾಣಿಸುತ್ತಿಲ್ಲ ಎಂದು ನಮಗೆ ಯಾರಿಗೂ ಗಮನವೇ ಇರಲಿಲ್ಲ.

‘ನಾನು ನಿವೃತ್ತಿ ಆಗಿ ಎರಡು ವರ್ಷ ಆಯ್ತಲ್ಲಪ್ಪ’ ಎಂದ. ಕೊಕ್ಕೆಯಣ್ಣನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಆಮೇಲೆ ನೀನು ನನ್ನನ್ನು ಕೇಳಿದ ಹಾಗೆಯೇ ಅವನೂ ಕೇಳಿದ. ‘ನನ್ನ ಜಾಗಕ್ಕೆ ಯಾರನ್ನ ಹಾಕಿದ್ರು?’

ನಿನ್ನ ಅಪ್ಪನಿಗೆ ಹೆದರಿಕೆ ಹೋಗಿಲ್ಲ ಮಗಳೇ, ಹೋಗುವುದೂ ಇಲ್ಲ. ಸೊಂಟದ ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡು. ಅರ್ಜಿಗೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ.

ಆ ಮುದುಕನಿಗೆ ನಾನು ಕೊಟ್ಟ ಉತ್ತರವೇ ನಿನಗೂ ಉತ್ತರ. ಅವನ ಜಾಗಕ್ಕೆ ಯಾರನ್ನೂ ಹಾಕಿಲ್ಲ. ಅದು ಇವತ್ತಿಗೂ ಖಾಲಿ ಇದೆ.

ಅಪ್ಪ